ಗೋಸುಂಬೆಯ ಬಣ್ಣ ಹೇಳುವುದೇನು?



ಹುಬ್ಬಳ್ಳಿ-ಧಾರವಾಡದ ಹೊರವಲಯದ ಬೇಲಿಸಾಲುಗಳಲ್ಲಿ, ಕಲಘಟಗಿ ಕಡೆಯ ಕುರುಚಲು ಕಾಡುಗಳಲ್ಲಿ ತೂಗಾಡುತ್ತ ಹೆಜ್ಜೆಯಿಡುವ ಗೋಸುಂಬೆಯನ್ನು ನೀವು ಕಂಡಿರಬಹುದು. ಇದಕ್ಕೆ ಊಸರವಳ್ಳಿ ಎಂಬ ಹೆಸರೂ ಉಂಟು. ಇಂಥ ಬಣ್ಣಬಣ್ಣದ ಪ್ರಾಣಿಯನ್ನು ಮನೆಯಲ್ಲಿ ಸಾಕಬೇಕೆಂಬ ಆಸೆ ಮೂಡುವುದು ಸಹಜ. ಆದರೆ ಅದರ ಬಣ್ಣ ಬದಲಾಗುವುದೇಕೆ ಎಂಬುದನ್ನು ಮೊದಲು ತಿಳಿಯೋಣ.

ಗೋಸುಂಬೆ ಕುಳಿತ ಜಾಗದ ಬಣ್ಣವನ್ನೇ ತಾಳುತ್ತದೆ ಎಂದು ಅನೇಕರು ನಂಬಿದ್ದಾರೆ. ಆದರೆ ಕೆಂಪು ಬಟ್ಟೆಯ ಮೇಲಿಟ್ಟರೆ ಅದು ಕೆಂಪಾಗುವುದಿಲ್ಲ. ಬಿಸಿಲು, ಉಷ್ಣತೆ, ಭಯ, ಸಿಟ್ಟು ಇವುಗಳಿಗೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಗೋಸುಂಬೆಯಲ್ಲಿ ಇದು ನಡೆಯುವ ಬಗೆಯನ್ನು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ವಿವರಿಸಿದರು. ಅದರ ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸೂಕ್ಷ್ಮ ಹರಳುಗಳಿವೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಪ್ರತಿಫಲಿಸುತ್ತವೆ. ಚರ್ಮದಲ್ಲಿರುವ ಹಳದಿ ವರ್ಣದ್ರವ್ಯದೊಡನೆ ಅದು ಸೇರಿ ಮೈ ಹಸಿರಾಗಿ ಕಾಣುತ್ತದೆ. ಪ್ರಾಣಿ ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ ಹಳದಿ, ಕೆಂಪು ಬಣ್ಣಗಳು ಹೊಮ್ಮುತ್ತವೆ.

ಹಾಗಾದರೆ ಪಂಜರದಲ್ಲಿ ಏನಾಗುತ್ತದೆ? ಗೋಸುಂಬೆ ಬಟ್ಟಲಿನ ನೀರು ಕುಡಿಯುವುದು ಅಪರೂಪ. ಎಲೆಗಳ ಮೇಲಿನ ಹನಿಗಳನ್ನು ನೆಕ್ಕುತ್ತದೆ. ಮೈಗಿಂತ ಉದ್ದವಾದ ನಾಲಿಗೆಯನ್ನು ಚಿಮ್ಮಿಸಿ ಜೀವಂತ ಕೀಟಗಳನ್ನು ಹಿಡಿಯುತ್ತದೆ. ಹಾಲು, ಅನ್ನ ಇಟ್ಟರೆ ಅದಕ್ಕೆ ಉಪವಾಸವೇ ಗತಿ. ಒಂಟಿಯಾಗಿ ಬಾಳುವ ಈ ಪ್ರಾಣಿ ಮನುಷ್ಯರು ಮುಟ್ಟಿದರೆ ಹೆದರಿ ಕಪ್ಪಿಡುತ್ತದೆ. ನೋಡುವವರು "ಬಣ್ಣ ಬದಲಾಯಿತು!" ಎಂದು ಚಪ್ಪಾಳೆ ತಟ್ಟುತ್ತಾರೆ. ಆ ಕಪ್ಪು, ಅದರ ಸಂಕಟದ ಗುರುತು.

ಕಾನೂನೂ ಇದನ್ನು ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ನಮ್ಮ ಗೋಸುಂಬೆಯನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಪ್ಯಾಂಥರ್ ಗೋಸುಂಬೆಯಂಥ ವಿದೇಶಿ ಜಾತಿಗಳ ವ್ಯಾಪಾರವನ್ನು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ನಿಯಂತ್ರಿಸುತ್ತದೆ. ಅವುಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಾಯಿಸಿಕೊಳ್ಳಲೇಬೇಕು.

ರಸ್ತೆ ದಾಟುವ ಗೋಸುಂಬೆ ಕಂಡರೆ ಕಲ್ಲೆಸೆಯಬೇಡಿ, ಅದಕ್ಕೆ ವಿಷವಿಲ್ಲ. ಮೊಟ್ಟೆಯಿಡಲು ಮಣ್ಣು ಹುಡುಕಿಕೊಂಡು ಮರದಿಂದಿಳಿದ ಹೆಣ್ಣೂ ಅದಾಗಿರಬಹುದು. ಗಾಯಗೊಂಡಿದ್ದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಅದನ್ನು ಅರಿಯುವ ಆಸೆಯಿದ್ದರೆ ದೂರದಲ್ಲಿ ನಿಂತು ನೋಡಿ. ಯಾವ ಹೊತ್ತು, ಎಂಥ ಬಿಸಿಲು, ಯಾವ ಗಿಡ, ಮೈ ಬಣ್ಣ ಯಾವುದು ಎಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಹತ್ತು ದಿನ ಹೀಗೆ ಮಾಡಿದರೆ, ಪಂಜರ ಎಂದೂ ಕಲಿಸದ ಪಾಠ ನಿಮ್ಮದಾಗುತ್ತದೆ.