‘ಟ್ರಾನ್ಸ್‌ಲೇಟ್’ ಎಂಬ ಕ್ರಿಯಾಪದ: ತರುವುದು ಮತ್ತು ಒಯ್ಯುವುದು

ಇಂಗ್ಲಿಷಿನ ‘ಟ್ರಾನ್ಸ್‌ಲೇಟ್’ ಎಂಬ ಕ್ರಿಯಾಪದಕ್ಕೆ ‘ಅನುವಾದಿಸು’ ಎಂಬ ಒಂದೇ ಸಮಾನಪದವನ್ನು ಕೊಟ್ಟು ಮುಂದೆ ಸಾಗುವುದು ತರಗತಿಗಳಲ್ಲಿ ರೂಢಿ. ಆದರೆ ಈ ಎರಡು ಪದಗಳ ಹುಟ್ಟು ಬೇರೆ ಬೇರೆ. ಲ್ಯಾಟಿನ್ ಮೂಲದ ‘ಟ್ರಾನ್ಸ್‌ಲೇಟ್’ನ ಒಡಲಲ್ಲಿರುವುದು ‘ಆಚೆಗೆ ಒಯ್ಯುವ’ ಅರ್ಥ. ಬಿಷಪ್ಪರನ್ನು ಒಂದು ಪೀಠದಿಂದ ಇನ್ನೊಂದಕ್ಕೆ ವರ್ಗಾಯಿಸುವುದಕ್ಕೂ ಸಂತರ ಅಸ್ಥಿಗಳನ್ನು ಸ್ಥಳಾಂತರಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದವುಂಟು. ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ಕತ್ತೆಯ ತಲೆ ಬಂದ ನೇಕಾರನ ಬಗೆಗೂ ಇದೇ ಪದ ಬಳಕೆಯಾಗಿದೆ, ಅಲ್ಲಿ ಅದರ ಅರ್ಥ ರೂಪಾಂತರ. ಸಂಸ್ಕೃತದ ‘ಅನುವಾದ’ವಾದರೋ ಹಿಂಬಾಲಿಸಿ ನುಡಿಯುವುದು. ನ್ಯಾಯ, ಮೀಮಾಂಸಾ ಶಾಸ್ತ್ರಗಳಲ್ಲಿ ಈಗಾಗಲೇ ತಿಳಿದದ್ದನ್ನು ಮತ್ತೆ ಹೇಳುವುದಕ್ಕೆ ಆ ಹೆಸರು. ಎರಡನೆಯ ಭಾಷೆಯ ಪ್ರಸ್ತಾಪವೇ ಅದರಲ್ಲಿಲ್ಲ. ಅರಬ್ಬಿಯಿಂದ ಬಂದ ‘ತರ್ಜುಮೆ’ಗೆ ಕಚೇರಿಯ ಕಾಗದಪತ್ರಗಳ ವಾಸನೆ ಇನ್ನೂ ಹೋಗಿಲ್ಲ.

ಜನಪ್ರಿಯತೆ ‘ಮತಗಳಾಗಿ ಅನುವಾದಗೊಂಡಿಲ್ಲ’ ಎಂಬಂಥ ಪ್ರಯೋಗ ಇಂಗ್ಲಿಷಿನ ನೆರಳು. ‘ಮಾರ್ಪಟ್ಟಿಲ್ಲ’ ಎಂದರೆ ಸಾಕು.

ಕನ್ನಡದ್ದೇ ಆದ ಪದ ‘ಕನ್ನಡಿಸು’. ಗುರಿಭಾಷೆಯನ್ನು ತನ್ನೊಳಗೇ ಇಟ್ಟುಕೊಂಡ ಸೊಗಸಾದ ಕ್ರಿಯಾಪದವಿದು. ಅದರ ಮಿತಿಯೂ ಅದೇ. ಹೊರಗಿನದು ಒಳಬರುವುದನ್ನು ಮಾತ್ರ ಅದು ಹೇಳಬಲ್ಲದು. ಎರಡೂ ದಿಕ್ಕಿನ ವ್ಯವಹಾರವಿರುವ ಮುಂಬಯಿಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ. (ಕಾಲಾ ಘೋಡಾದ ಕೆ. ದುಭಾಷ್ ಮಾರ್ಗದ ಹೆಸರಿನಲ್ಲಿರುವ ಪಾರಸಿ ಅಡ್ಡಹೆಸರು ‘ದ್ವಿಭಾಷಿ’ಯಿಂದ ಬಂದದ್ದು. ಎರಡು ನುಡಿ ಬಲ್ಲವನನ್ನು ಬೀದಿಯ ಫಲಕದಲ್ಲಿ ಉಳಿಸಿಕೊಂಡ ನಗರವಿದು!)

ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಸಂಕಲನ ‘ನೋ ಪ್ರೆಸೆಂಟ್ಸ್ ಪ್ಲೀಸ್’ 2017ರಲ್ಲಿ ಪ್ರಕಟವಾಯಿತು. ಅನುವಾದಕಿ ತೇಜಸ್ವಿನಿ ನಿರಂಜನ. 2018ರ ಡಿಎಸ್‌ಸಿ ಪ್ರಶಸ್ತಿ ಈ ಕೃತಿಗೆ ಸಂದಿತು. ಈ ಕಥೆಗಳ ಜನರಲ್ಲಿ ಅನೇಕರು ದಿನನಿತ್ಯ ಹಿಂದಿ, ಮರಾಠಿಗಳಲ್ಲಿ ವ್ಯವಹರಿಸುವವರೆಂದು ಓದುಗನಿಗೆ ತಿಳಿಯುತ್ತದೆ. ಪುಟದ ಮೇಲೆ ಅವರು ಆಡುವುದು ಕನ್ನಡ. ಎಂದರೆ ಕಥೆ ಬರೆಯುವಾಗಲೇ ಒಂದು ದಾಟುವಿಕೆ ನಡೆದುಹೋಗಿದೆ. ಇಂಗ್ಲಿಷಿನದು ಎರಡನೆಯದು. ಇಲ್ಲಿ ‘ಹಿಂಬಾಲಿಸಿ ನುಡಿಯುವುದು’ ಎಂದರೆ ಯಾವುದನ್ನು ಹಿಂಬಾಲಿಸಿ? ಮೂಲವೆಂಬುದೇ ಎರಡು ಪದರದ್ದಾಗಿರುವಾಗ ‘ಅನುವಾದ’ಕ್ಕಿಂತ ‘ಟ್ರಾನ್ಸ್‌ಲೇಟ್’ನ ಹಳೆಯ ಅರ್ಥವೇ ಹೆಚ್ಚು ಹೊಂದುತ್ತದೆ.

ಇಂಥ ಕೃತಿಗಳನ್ನು ಕುರಿತು ‘ಇಂಗ್ಲಿಷಿಗೆ ತಂದರು’ ಎಂದು ಬರೆಯುವುದುಂಟು. ಕನ್ನಡದಲ್ಲಿ ‘ತರು’ ಎಂಬುದು ಆಡುವವನ ಕಡೆಗೆ, ‘ಒಯ್ಯು’ ಎಂಬುದು ಅವನಿಂದ ಆಚೆಗೆ. ‘ಟ್ರಾನ್ಸ್‌ಲೇಟ್’ಗೆ ಈ ಭೇದವಿಲ್ಲ, ಕನ್ನಡಕ್ಕಿದೆ. ಆದುದರಿಂದ ಕನ್ನಡ ವಿಮರ್ಶಕನು ಮರಾಠಿಯ ಕಾದಂಬರಿಯನ್ನು ಕನ್ನಡಕ್ಕೆ ತಂದರೆಂದೂ ಕನ್ನಡದ ಕಥೆಯನ್ನು ಇಂಗ್ಲಿಷಿಗೆ ಒಯ್ದರೆಂದೂ ಬರೆಯುವುದು ಯುಕ್ತ.