ಆಟದ ಹಳೆಯ ಕಂಪ್ಯೂಟರು: ತಿದ್ದುವುದೋ, ಬದಲಿಸುವುದೋ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಕಬ್ಬಿನ ಹಣವೋ ತೆಂಗಿನ ಹಣವೋ ಕೈಗೆ ಬಂದಾಗ ಮಕ್ಕಳು ಬೇಡುವ ವಸ್ತುಗಳಲ್ಲಿ ಆಟದ ಕಂಪ್ಯೂಟರೂ ಒಂದಾಗಿದೆ. ಹಿಂದೆ ಕೊಂಡದ್ದು ಈಗ ತಡೆತಡೆದು ನಡೆಯುವುದು. ಹೊಸದನ್ನು ಕೊಡಿಸಿರೆಂದು ಮಕ್ಕಳ ಹಟ, ಇದ್ದುದೇ ಸಾಕೆಂದು ಹಿರಿಯರ ಮಾತು. ಇವೆರಡೂ ಪರೀಕ್ಷಿಸದೆ ಆಡಿದ ಮಾತುಗಳೇ. ಪರೀಕ್ಷಿಸುವ ಕ್ರಮವು ಹೇಗೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ಇದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ದೃಷ್ಟಾಂತವುಂಟು. 1911ರಲ್ಲಿ ಕೆಲಸ ಮೊದಲಾದ ಕನ್ನಂಬಾಡಿ ಕಟ್ಟೆಯ ಹಳೆಯ ಬಾಗಿಲುಗಳು ಸವೆದು ನೀರು ಸೋರತೊಡಗಿದಾಗ ಯಾರೂ ಕಟ್ಟೆಯನ್ನು ಕೆಡವಲಿಲ್ಲ, ಬಾಗಿಲುಗಳನ್ನು ಬದಲಿಸಿದರು. ಗೋಡೆ ಗಟ್ಟಿಯಾಗಿದ್ದ ಕಾರಣ ಬಾಗಿಲಿನ ವೆಚ್ಚವು ಸಾರ್ಥಕವಾಯಿತು. ಕಂಪ್ಯೂಟರಿನಲ್ಲಿ ಮದರ್‌ಬೋರ್ಡೂ ಅದರ ಮೇಲಿನ ಪ್ರೊಸೆಸರೂ ಗೋಡೆಯಂತೆ. ರ‍್ಯಾಮು, ಡಿಸ್ಕು, ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ ಇವು ಬಾಗಿಲುಗಳಂತೆ. ಗೋಡೆ ನಿಂತಿದೆಯೋ ಎಂಬುದೇ ಮುಖ್ಯ ಪ್ರಶ್ನೆ.

ಹಣ ಬಿಚ್ಚುವ ಮೊದಲು ಪೆಟ್ಟಿಗೆಯನ್ನು ಬಿಚ್ಚಬೇಕು. ಕರೆಂಟಿನ ತಂತಿಯನ್ನು ಕಿತ್ತು, ಪಕ್ಕದ ತಗಡನ್ನು ತೆಗೆದು, ಫ್ಯಾನುಗಳಲ್ಲಿ ಕಟ್ಟಿದ ಧೂಳನ್ನು ತೆಗೆಯಬೇಕು. ಪ್ರೊಸೆಸರಿನ ಮೇಲಿನ ಪೇಸ್ಟು ವರುಷಗಳು ಕಳೆದಂತೆ ಒಣಗುವುದರಿಂದ ಹೊಸದಾಗಿ ಹಚ್ಚಬೇಕು. ಯಂತ್ರವು ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಮುದಿತನವೆಂದು ತೋರುವುದು ಹಲವು ಸಲ ಬರಿಯ ಕಾವೇ ಆಗಿರುವುದು.

ಎರಡನೆಯದು ಡಿಸ್ಕು. ತಿರುಗುವ ಹಾರ್ಡ್ ಡಿಸ್ಕು ಸೆಕೆಂಡಿಗೆ 100-200 ಮೆಗಾಬೈಟು ಓದಿದರೆ, ಸಾಧಾರಣ ಸಾಟಾ ಎಸ್‌ಎಸ್‌ಡಿಯು ಸುಮಾರು 550ರಷ್ಟು ಓದುವುದು. ಚದರಿದ ಸಣ್ಣ ಕಡತಗಳನ್ನು ಹುಡುಕುವಲ್ಲಿ ಅಂತರವು ಇನ್ನೂ ಹೆಚ್ಚು. ಮೂರನೆಯದು ರ‍್ಯಾಮು. 8 ಜಿಬಿ ಇದ್ದಲ್ಲಿ 16 ಜಿಬಿ ಆದರೆ, ಅದೂ ಒಂದೇ ಬಗೆಯ ಎರಡು ಕಡ್ಡಿಗಳಾಗಿ ಇದ್ದರೆ, ಆಟವು ನಡುನಡುವೆ ನಿಲ್ಲುವುದು ಬಹುಮಟ್ಟಿಗೆ ತಪ್ಪುವುದು.

ಇಷ್ಟಾದರೂ ಚಿತ್ರವು ನಿಧಾನವಾದರೆ ಒಂದು ಸುಲಭ ಪರೀಕ್ಷೆಯುಂಟು. ಆಟದಲ್ಲಿ ಚಿತ್ರದ ರೆಸಲ್ಯೂಷನ್ನನ್ನು ತಗ್ಗಿಸಿ ನೋಡಿರಿ. ವೇಗವು ಚೆನ್ನಾಗಿ ಏರಿದರೆ ಕೊರತೆಯು ಗ್ರಾಫಿಕ್ಸ್ ಕಾರ್ಡಿನದು. ಏರದಿದ್ದರೆ ಪ್ರಾಯಶಃ ಪ್ರೊಸೆಸರಿನದು. ಕಾರ್ಡಿನದಾದರೆ ಕಾರ್ಡೊಂದನ್ನೇ ಬದಲಿಸಬಹುದು. ಆದರೆ ಪವರ್ ಸಪ್ಲೈ ಎಷ್ಟು ವಾಟಿನದು, ಕಾರ್ಡಿನ ಉದ್ದವು ಪೆಟ್ಟಿಗೆಗೆ ಹಿಡಿಯುವುದೋ ಎಂಬುದನ್ನು ಮೊದಲೇ ಅಳೆಯಬೇಕು.

ಕೊರತೆಯು ಪ್ರೊಸೆಸರಿನದಾದರೆ ಅದು ಗೋಡೆಯ ಮಾತಾಯಿತು. ಇಲ್ಲಿ ಎಲ್ಲ ಯಂತ್ರಗಳೂ ಸಮವಲ್ಲ. 2018ರ ರೈಝೆನ್ 5 2600 ಇದ್ದ ಮನೆಯವರು, ಬೋರ್ಡಿನ ತಯಾರಕರ ಪಟ್ಟಿಯಲ್ಲಿ ಅನುಮತಿ ಇದ್ದರೆ, ಬಯಾಸನ್ನು ಹೊಸದು ಮಾಡಿ ಅದೇ ಬೋರ್ಡಿನಲ್ಲಿ 5000ದ ಸಾಲಿನ ಪ್ರೊಸೆಸರನ್ನು ಕೂರಿಸಬಹುದು. 2017ರ ಇಂಟೆಲ್ ಐ5-7400 ಇದ್ದವರಿಗೆ ಈ ಅನುಕೂಲವಿಲ್ಲ. ಮುಂದಿನ ಎಂಟನೆಯ ಪೀಳಿಗೆಗೆ ಸಾಕೆಟ್ಟಿನ ಹೆಸರು ಒಂದೇ ಆದರೂ ಹಳೆಯ ಬೋರ್ಡು ಅದನ್ನು ಒಪ್ಪುವುದಿಲ್ಲ. ಬೋರ್ಡನ್ನು ಬದಲಿಸಹೊರಟರೆ ಈಚಿನ ಹೆಚ್ಚಿನ ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮು ಬೇಕು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಬಹಳ ಏರಿತು. ತಿದ್ದುವ ವೆಚ್ಚವು ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿದಲ್ಲಿ ಹೊಸದೇ ಲೇಸೆಂಬುದು ನಮ್ಮ ಅಳತೆ.

ಇನ್ನೊಂದು ಗಡುವನ್ನೂ ನೆನಪಿನಲ್ಲಿಡಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತೆಯನ್ನು ಕೇಳುವುದು; ಮೇಲೆ ಹೇಳಿದ ಐ5-7400 ಅದರ ಪಟ್ಟಿಯಲ್ಲಿಲ್ಲ, ರೈಝೆನ್ 2600 ಉಂಟು. ಓದುಬರಹಕ್ಕಾದರೆ ಹಳೆಯ ಯಂತ್ರದಲ್ಲಿ ಲಿನಕ್ಸನ್ನು ಹಾಕಿಕೊಳ್ಳಬಹುದು. ವ್ಯಾಲರಂಟಿನಂತಹ ಕೆಲವು ಆಟಗಳು ಮಾತ್ರ ಅದರಲ್ಲಿ ನಡೆಯವು.

ನಾವು ಇಷ್ಟು ವಿವರಿಸುವುದಕ್ಕೆ ಬೇರೊಂದು ಕಾರಣವೂ ಉಂಟು. ಎಷ್ಟೋ ಮನೆಗಳಲ್ಲಿ ಹೊಸ ಯಂತ್ರವು ಅಣ್ಣನಿಗೆ, ಹಳೆಯದು ತಂಗಿಗೆ ಎಂದು ತೀರ್ಮಾನವಾಗುವುದು. ಆ ಹಳೆಯದನ್ನು ಯಾರೂ ತಿದ್ದಿಕೊಡುವುದಿಲ್ಲ. ಅದು ನಡೆಯದಿದ್ದರೆ ಹುಡುಗಿಗೆ ಕಂಪ್ಯೂಟರು ತಿಳಿಯದೆಂಬ ಅಪವಾದ ಬರುವುದು. ಹೊಸದನ್ನು ಕೊಂಡವರು ಹಳೆಯದಕ್ಕೆ ಎಸ್‌ಎಸ್‌ಡಿಯ ಸಣ್ಣ ಬೆಲೆಯನ್ನಾದರೂ ಲೆಕ್ಕದಲ್ಲಿ ಸೇರಿಸಲಿ. ಹಳೆಯದನ್ನು ತಿದ್ದುವವರು ಸ್ಕ್ರೂಡ್ರೈವರನ್ನು ಮಗಳ ಕೈಗೂ ಕೊಡಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಭಾಗಗಳನ್ನು ತರಹೋಗುವಾಗ ಪಟ್ಟಿಯನ್ನು ಅವಳೇ ಬರೆಯಲಿ.

ಕೆಟ್ಟುಹೋದ ಭಾಗಗಳನ್ನು ಕಸದೊಡನೆ ಸುಡದೆ, 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳಂತೆ ನೋಂದಾಯಿತ ಮರುಬಳಕೆಯವರಿಗೆ ಸೇರಿಸುವುದು ಎಲ್ಲರ ಕರ್ತವ್ಯವು. ಡಿಸ್ಕಿನಲ್ಲಿರುವ ಮನೆಯ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಮೊದಲು ಬೇರೆ ಕಡೆ ಇರಿಸಿ, ಆಮೇಲೆ ಅಳಿಸಿ ಕೊಡತಕ್ಕದ್ದು.