ಬಿಡದೆ ಕಾಡುವ ಮೊಡವೆ: ದಂಪತಿಗಳು ಅರಿತಿರಬೇಕಾದುದು

ಮೊಡವೆಯು ಹರೆಯದವರಿಗಷ್ಟೇ ಬರುವುದಲ್ಲ. ವಿವಾಹಿತ ಸ್ತ್ರೀಯರಲ್ಲಿಯೂ ವರ್ಷಗಟ್ಟಲೆ ಉಳಿಯಬಹುದು. ಚರ್ಮದ ಜಿಡ್ಡು ಸ್ರವಿಸುವ ರಂಧ್ರಗಳು ಮುಚ್ಚಿಕೊಂಡು ಬಾತುಕೊಳ್ಳುವುದರಿಂದ ಇದು ಉಂಟಾಗುತ್ತದೆ. ದೇವಾಪುರದಂತಹ ಬಿಸಿಲಿನ ಊರುಗಳಲ್ಲಿ ಹೊಲದ ಬೆವರು, ಧೂಳು ಸೂಕ್ಷ್ಮ ಚರ್ಮವನ್ನು ಮತ್ತಷ್ಟು ಕೆರಳಿಸುತ್ತವೆ.

ದಿನಕ್ಕೆರಡು ಬಾರಿ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆಯಿರಿ, ಉಜ್ಜಬೇಡಿ, ಹಿಸುಕಬೇಡಿ. ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನು ಮೊದಲಿಗೆ ದಿನ ಬಿಟ್ಟು ದಿನ ತೆಳುವಾಗಿ ಲೇಪಿಸಿರಿ. ಗುಣ ಕಾಣಲು 6ರಿಂದ 8 ವಾರಗಳು ಬೇಕು. ವೈದ್ಯರ ಸಲಹೆಯಿಲ್ಲದೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಚರ್ಮವನ್ನು ತೆಳುವಾಗಿಸಿ ಮೊಡವೆಯನ್ನು ಹೆಚ್ಚಿಸುತ್ತದೆ.

ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆಯು ಗರ್ಭಸ್ಥ ಶಿಶುವಿಗೆ ಅಂಗವೈಕಲ್ಯ ಉಂಟುಮಾಡಬಲ್ಲದು. ಪತ್ನಿಯು ಅದನ್ನು ಆರಂಭಿಸುವ 1 ತಿಂಗಳು ಮೊದಲಿನಿಂದ, ನಿಲ್ಲಿಸಿದ 1 ತಿಂಗಳ ನಂತರದವರೆಗೂ ಕಾಪರ್-ಟಿಯಂತಹ ಭರವಸೆಯ ವಿಧಾನವನ್ನು ಅನುಸರಿಸುವುದು ದಂಪತಿಗಳಿಬ್ಬರ ಹೊಣೆ. ಮುಟ್ಟು ತಪ್ಪಿದ್ದರೆ ಗುಳಿಗೆ ನಿಲ್ಲಿಸಿ, ಕೂಡಲೇ ವೈದ್ಯರನ್ನು ಕಾಣಿರಿ.